ಎರಡು ಬಿಂದುಗಳ ನಡುವಿನ ಇಳಿಜಾರು



ಉರ್ದು, ಕನ್ನಡ ಕಲಿಸುವವರಿಗೆ ಗಣಿತವೇಕೆ ಎಂದು ನೀವು ನಗಬಹುದು. ಗಣಿತದ ಹುದ್ದೆ ಖಾಲಿಯಿದ್ದ ಒಂದು ವರ್ಷ ಆ ಪೀರಿಯಡ್ಡೂ ನನ್ನ ಪಾಲಿಗೆ ಬಂತು.

ಆ ಶಾಲೆಯಲ್ಲಿ ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಹುಡುಗಿ ಇದ್ದಳು. ಬಾಗಿಲಿಗೆ ರ‍್ಯಾಂಪ್ ಇತ್ತು. ಆದರೂ ದಿನವೂ ಇಬ್ಬರು ಗೆಳತಿಯರು ಅವಳನ್ನು ತಳ್ಳಬೇಕಾಗಿತ್ತು. "ರ‍್ಯಾಂಪ್ ಇದೆಯಲ್ಲ, ಇನ್ನೇನು ಬೇಕು?" ಎನ್ನುವುದು ಹಿರಿಯರ ಮಾತು. ಇದೆ, ನಿಜ. ಆದರೆ ಎಷ್ಟು ಕಡಿದು? ಅದನ್ನು ಹೇಳುವ ಸಂಖ್ಯೆಯೇ ಇಳಿಜಾರು, ಉರ್ದುವಿನಲ್ಲಿ ಢಲಾನ್. ಪಾಠ ಮೊದಲ ಪಿಯುಸಿಯದ್ದು, ಆದರೆ ಹತ್ತನೆಯವರಿಗೂ ಕಷ್ಟವಿಲ್ಲ.

ಮಕ್ಕಳೇ ಟೇಪು ಹಿಡಿದು ಅಳೆದರು. ಅಂಗಳದ ಕಂಬದಿಂದ ರ‍್ಯಾಂಪಿನ ಬುಡಕ್ಕೆ 50 ಸೆಂ.ಮೀ. ದೂರ, ಎತ್ತರ 0. ತುದಿಗೆ 170 ಸೆಂ.ಮೀ. ದೂರ, ಎತ್ತರ 30. ಅಂದರೆ (50, 0) ಮತ್ತು (170, 30) ಎಂಬ ಎರಡು ಬಿಂದುಗಳು. ಎತ್ತರಗಳ ವ್ಯತ್ಯಾಸವನ್ನು ದೂರಗಳ ವ್ಯತ್ಯಾಸದಿಂದ ಭಾಗಿಸಿ: 30/120, ಅಂದರೆ 1/4. ರೇಖೆ ಸರಳವಾಗಿರುವುದರಿಂದ ಅದರ ಮೇಲಿನ ಬೇರೆ ಯಾವ ಎರಡು ಬಿಂದು ಹಿಡಿದರೂ ಇದೇ ಉತ್ತರ.

ಅರ್ಧ ತರಗತಿ −1/4 ಎಂದು ಬರೆದಿತ್ತು! ಅಂಶದಲ್ಲಿ ತುದಿಯಿಂದ ಬುಡವನ್ನು ಕಳೆದು (30 − 0), ಛೇದದಲ್ಲಿ ಬುಡದಿಂದ ತುದಿಯನ್ನು ಕಳೆದಿದ್ದರು (50 − 170). ಮೊದಲು ಗದರಿದೆ. ಆಮೇಲೆ ಯೋಚನೆ ಬಂತು: ಉರ್ದು ಮಾಧ್ಯಮದ ಮಗು ವಾಕ್ಯವನ್ನು ಬಲದಿಂದ ಎಡಕ್ಕೆ ಓದುತ್ತದೆ, ಅದೇ ಪುಟದ ಸೂತ್ರವನ್ನು ಎಡದಿಂದ ಬಲಕ್ಕೆ. ಮೊದಲನೆಯ ಬಿಂದು ಯಾವುದು, ಎರಡನೆಯದು ಯಾವುದು ಎಂದರೆ ಗೊಂದಲವಾಗದೆ ಇನ್ನೇನು? ಆದ್ದರಿಂದ ಬಿಂದುಗಳಿಗೆ ಹೆಸರಿಡಿ: ಬುಡ, ತುದಿ. ಅಂಶದಲ್ಲಿ ತುದಿಯಿಂದ ಬುಡ ಕಳೆದರೆ ಛೇದದಲ್ಲೂ ಹಾಗೆಯೇ ಮಾಡಿ. ಎರಡನ್ನೂ ತಿರುಗಿಸಿದರೂ ಚಿಂತೆಯಿಲ್ಲ: −30/−120, ಮತ್ತೆ 1/4. ಒಂದನ್ನು ಮಾತ್ರ ತಿರುಗಿಸಿದರೆ, ಏರುವ ದಾರಿ ನಿಮ್ಮ ಪುಸ್ತಕದಲ್ಲಿ ಇಳಿಯುತ್ತದೆ.

ಸಮತಟ್ಟಾದ ನೆಲದ ಇಳಿಜಾರು 0. ನೆಟ್ಟಗಿನ ಗೋಡೆಗೆ ಛೇದವೇ 0, ಭಾಗಿಸಲಾಗದು. ಅದಕ್ಕೆ ಇಳಿಜಾರು ಹೇಳಲಾಗುವುದಿಲ್ಲ. ಇವೆರಡನ್ನು ಬೆರೆಸಬೇಡಿ.

ಈಗ ಆ 1/4ಕ್ಕೆ ಬನ್ನಿ. ಗಾಲಿಕುರ್ಚಿಯ ರ‍್ಯಾಂಪ್ 1/12ಕ್ಕಿಂತ ಕಡಿದಾಗಿರಬಾರದು ಎನ್ನುತ್ತದೆ ನಮ್ಮ ದೇಶದ ಮಾರ್ಗಸೂಚಿ. ನಮ್ಮದು ಅದರ ಮೂರು ಪಟ್ಟು. 30 ಸೆಂ.ಮೀ. ಏರಲು 360 ಸೆಂ.ಮೀ. ಜಾಗ ಬೇಕಿತ್ತು, ಕೊಟ್ಟಿದ್ದು 120. ಮಕ್ಕಳು ಚಿತ್ರ ಬರೆದು, ಲೆಕ್ಕ ಮಾಡಿ, ಆ ಹಾಳೆಯನ್ನು ಅರ್ಜಿಗೆ ಲಗತ್ತಿಸಿದರು. ಬೇಸಿಗೆ ರಜೆಯಲ್ಲಿ ಮಾಡಿಸೋಣ ಎಂಬ ಉತ್ತರ ಬಂತು. ನನಗೆ ವರ್ಗವಾಗುವವರೆಗೆ ಅದೇ ರ‍್ಯಾಂಪ್ ಇತ್ತು.