ಮುಳುಗಿದ ‘ಕಾರ್ನಾಟಿಕ್’
(ನಮ್ಮ ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಇಂದು ತಮ್ಮ ಮುಂದಿಡುವುದು ಒಂದು ಉಗಿಹಡಗಿನ ಕಥೆ. ಅದರ ಹೆಸರು ‘ಕಾರ್ನಾಟಿಕ್’. ಹೆಸರು ಕೇಳಿ ಹಿಗ್ಗುವ ಹಾಗಿಲ್ಲ. ಆಂಗ್ಲರು ಆಗ ಕಾರ್ನಾಟಿಕ್ ಎನ್ನುತ್ತಿದ್ದುದು ಆರ್ಕಾಟಿನ ಸೀಮೆಗೆ. ನಮ್ಮ ಹೆಸರು ಅವರ ಬಾಯಲ್ಲಿ ಘಟ್ಟ ಇಳಿದು ಮೂಡಣ ಕರಾವಳಿ ಸೇರಿತ್ತು. ಆದರೆ ಹಡಗು ಬರುತ್ತಿದ್ದುದು ಮುಂಬಯಿಗೇ.

1862ರಲ್ಲಿ ಲಂಡನ್ನಿನಲ್ಲಿ ನೀರಿಗಿಳಿದ ಇದು ಪಿ. ಅಂಡ್ ಓ. ಕಂಪನಿಯದು. ಸುಯೆಜ್ ಕಾಲುವೆ ಆಗಿನ್ನೂ ತೆರೆದಿರಲಿಲ್ಲ. ವಿಲಾಯತಿಯಿಂದ ಬರುವವರು ಅಲೆಕ್ಸಾಂಡ್ರಿಯದಲ್ಲಿ ಇಳಿದು, ರೈಲಿನಲ್ಲಿ ಸುಯೆಜಿಗೆ ಬಂದು, ಅಲ್ಲಿ ಬೇರೆ ಹಡಗು ಹತ್ತಬೇಕು. ಹಾಗೆ 1869ರ ಸೆಪ್ಟೆಂಬರ್ 12ರಂದು ‘ಕಾರ್ನಾಟಿಕ್’ ಸುಯೆಜ್ ಬಿಟ್ಟಿತು. ಹಡಗಿನಲ್ಲಿ 200ಕ್ಕೂ ಹೆಚ್ಚು ಜನ. ಜೊತೆಗೆ ಹತ್ತಿಯ ಬೇಲುಗಳು, ತಾಮ್ರದ ತಗಡು, ಟಪಾಲು, 40,000 ಪೌಂಡಿನ ನಾಣ್ಯ.

ಆ ರಾತ್ರಿ ಒಂದು ಗಂಟೆಯ ಸುಮಾರಿಗೆ ಶದ್ವಾನ್ ದ್ವೀಪದ ಬಳಿ, ಅಬು ನುಹಾಸ್ ಎಂಬ ಹವಳದ ದಿಬ್ಬಕ್ಕೆ ಹಡಗು ಬಡಿಯಿತು. ಪಂಪುಗಳು ನೀರನ್ನು ಹೊರಹಾಕುತ್ತಿದ್ದವು. ಅದೇ ಕಂಪನಿಯ ‘ಸುಮಾತ್ರ’ ಹಡಗು ಆ ದಾರಿಯಲ್ಲಿ ಬರುವುದಿತ್ತು. ದೋಣಿ ಇಳಿಸಿ ದ್ವೀಪಕ್ಕೆ ಒಯ್ಯಿರೆಂದು ಪ್ರಯಾಣಿಕರು ಕೇಳಿದರು. ಕಪ್ತಾನ ಜೋನ್ಸ್ ಒಪ್ಪಲಿಲ್ಲ. ಕತ್ತಲಲ್ಲಿ ಒಪ್ಪದಿದ್ದುದು ಸರಿಯೇ ಎನ್ನೋಣ. ಆದರೆ ಬೆಳಗಾಯಿತು, ಇಡೀ ಹಗಲು ಕಳೆಯಿತು, ಮತ್ತೆ ಕತ್ತಲಾಯಿತು. ಆ ಹಗಲಿಗೆ ಏನು ಸಮಾಧಾನ ಹೇಳಬೇಕೋ ನನಗೆ ತೋಚದು.

ಎರಡನೆಯ ರಾತ್ರಿ ಬಾಯ್ಲರಿಗೆ ನೀರು ನುಗ್ಗಿತು. ಬಾಯ್ಲರ್ ಆರಿದರೆ ಏನಾಗುತ್ತದೆಂದು ಮಿಲ್ಲಿನವರಿಗೆ ಹೇಳಬೇಕಿಲ್ಲ: ಪಂಪು ನಡೆಯದು. 14ರ ಬೆಳಿಗ್ಗೆ 11ರ ಹೊತ್ತಿಗೆ ಅಪ್ಪಣೆಯಾಯಿತು. ಮೊದಲು ಹೆಂಗಸರನ್ನೂ ಒಂದು ಮಗುವನ್ನೂ ದೋಣಿಗೆ ಹತ್ತಿಸುತ್ತಿದ್ದಂತೆಯೇ ಹಡಗು ಎರಡು ತುಂಡಾಯಿತು. 31 ಜನ ಸತ್ತರು. ಅವರಲ್ಲಿ 26 ಮಂದಿ ಹಡಗಿನ ಕೆಲಸಗಾರರು.

ಉಳಿದವರು ಶದ್ವಾನ್ ದಂಡೆ ಸೇರಿದರು. ತೇಲಿಬಂದ ಹತ್ತಿಗೆ ಬೆಂಕಿ ಹಚ್ಚಿ ಗುರುತು ತೋರಿಸಿದರು. ‘ಸುಮಾತ್ರ’ ಬಂದೇ ಬಂತು, ಅವರನ್ನು ಕರೆದೊಯ್ದಿತು. ಕಪ್ತಾನನ ಪರವಾನಗಿಯನ್ನು ಒಂಬತ್ತು ತಿಂಗಳ ಮಟ್ಟಿಗೆ ಅಮಾನತ್ತಿನಲ್ಲಿಟ್ಟರು.

ಹಣದ ವಿಷಯದಲ್ಲಿ ಮಾತ್ರ ತಡವಾಗಲಿಲ್ಲ. ಅಕ್ಟೋಬರಿನಲ್ಲಿಯೇ ಮುಳುಗುಗಾರರು ಇಳಿದರು. ನವೆಂಬರ್ ಮೊದಲ ವಾರ ಮುಗಿಯುವ ಹೊತ್ತಿಗೆ 32,000 ಪೌಂಡು ಮೇಲೆ ಬಂದಿತ್ತು. ನವೆಂಬರ್ 17ಕ್ಕೆ ಕಾಲುವೆ ತೆರೆಯಿತು, ಹಡಗುಗಳು ನೇರವಾಗಿ ಬರತೊಡಗಿದವು. ‘ಕಾರ್ನಾಟಿಕ್’ ಎಲ್ಲಿ ಬಿದ್ದಿದೆಯೆಂಬುದು ಕ್ರಮೇಣ ಮರೆತೇಹೋಯಿತು. ಅದು ಮತ್ತೆ ಸಿಕ್ಕಿದ್ದು 115 ವರ್ಷಗಳ ಮೇಲೆ, 1984ರಲ್ಲಿ. ಒಂದು ತಮಾಷೆ: ಜೂಲ್ಸ್ ವರ್ನ್ 80 ದಿನಗಳ ಭೂಪ್ರದಕ್ಷಿಣೆಯ ಕಾದಂಬರಿಯಲ್ಲಿ 1872ರಲ್ಲಿ ‘ಕಾರ್ನಾಟಿಕ್’ ಎಂಬ ಹಡಗು ಹಾಂಗ್‌ಕಾಂಗಿನಿಂದ ಹೊರಡಿಸಿದ್ದಾನೆ. ನಿಜವಾದದ್ದು ಆಗಲೇ ಮೂರು ವರ್ಷದಿಂದ ಕಡಲ ತಳದಲ್ಲಿತ್ತು!

ಈಗ ಅದು ಸುಮಾರು 90 ಅಡಿ ಆಳದಲ್ಲಿ ಎಡಮಗ್ಗುಲಾಗಿ ಮಲಗಿದೆ. ಮೇಲ್ಹಾಸಿನ ಮರವೆಲ್ಲ ಕೊಳೆತುಹೋಗಿದೆ. ಕಬ್ಬಿಣದ ಪಕ್ಕೆಲುಬುಗಳಿಗೆ ಹವಳ ಹತ್ತಿಕೊಂಡಿದೆ, ಒಳಗೆಲ್ಲ ಮೀನಿನ ಹಿಂಡು. ಹಿಂದುಗಡೆ ಚುಕ್ಕಾಣಿಯೂ ಪಂಖವೂ ಇನ್ನೂ ಹಾಗೇ ಇವೆ.