ಪಿನಾಟುಬೊ ಕೊಟ್ಟ ಟೆಸ್ಟ್ ಕೇಸ್

ನಾನು ಹವಾಮಾನ ವಿಜ್ಞಾನಿ ಅಲ್ಲ, ಸಾಫ್ಟ್‌ವೇರ್ ಬರೆಯುವವನು. ಹಾಗಾಗಿ 2100ಕ್ಕೆ ಭೂಮಿ ಇಷ್ಟು ಡಿಗ್ರಿ ಬಿಸಿಯಾಗುತ್ತೆ ಅಂತ ಯಾರಾದರೂ ಹೇಳಿದರೆ ನನ್ನ ಮೊದಲ ಪ್ರಶ್ನೆ: ಆ ಕೋಡನ್ನು ಟೆಸ್ಟ್ ಮಾಡಿದ್ದು ಹೇಗೆ?

ಮಾಡೆಲ್ ಅಂದ್ರೆ ಇಷ್ಟು. ಗಾಳಿಯನ್ನೂ ಸಮುದ್ರವನ್ನೂ ಸುಮಾರು 100–200 ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ, ಪ್ರತಿಯೊಂದರಲ್ಲೂ ಗಾಳಿ, ಶಾಖ, ತೇವಾಂಶದ ಸಮೀಕರಣ ಬಿಡಿಸುತ್ತಾ ನೂರಾರು ವರ್ಷ ಓಡಿಸೋದು. ಮೋಡ ಚೌಕಕ್ಕಿಂತ ಚಿಕ್ಕದು, ಅದಕ್ಕೆ ಅಂದಾಜು ಸೂತ್ರ ಹಾಕಿ ಅಂಕಿಗಳನ್ನು ಹೊಂದಿಸಬೇಕು. ಅನುಮಾನ ಹುಟ್ಟೋದು ಇಲ್ಲೇ. 1850ರಿಂದ ಈಚಿನ ತಾಪಮಾನದ ಗ್ರಾಫ್ ಎಲ್ಲರ ಕೈಯಲ್ಲೂ ಇದೆ. ಉತ್ತರ ಗೊತ್ತಿರೋ ಪರೀಕ್ಷೆಯಲ್ಲಿ ಪಾಸಾದರೆ ಏನು ಹೆಚ್ಚುಗಾರಿಕೆ?

ಉತ್ತರ ಗೊತ್ತಿಲ್ಲದ ಪರೀಕ್ಷೆ 1991ರ ಜೂನ್ 15ರಂದು ಬಂತು. ಫಿಲಿಪ್ಪೀನ್ಸ್‌ನಲ್ಲಿ ಪಿನಾಟುಬೊ ಜ್ವಾಲಾಮುಖಿ ಸಿಡಿದು, ಒಂದೂವರೆ ಕೋಟಿ ಟನ್‌ಗೂ ಹೆಚ್ಚು ಸಲ್ಫರ್ ಡೈಆಕ್ಸೈಡ್ ವಾತಾವರಣದ ಮೇಲ್ಪದರಕ್ಕೆ ಸೇರಿತು. ಅದರಿಂದಾದ ಸಣ್ಣ ಹನಿಗಳು ಬಿಸಿಲನ್ನು ವಾಪಸ್ ಕಳಿಸತೊಡಗಿದವು. ನಾಸಾದ ಜೇಮ್ಸ್ ಹ್ಯಾನ್ಸೆನ್ ತಂಡ ಮಾಡೆಲ್ ಓಡಿಸಿ 1992ರ ಜನವರಿಯಲ್ಲೇ ಲೇಖನ ಪ್ರಕಟಿಸಿತು: ಜಗತ್ತಿನ ಸರಾಸರಿ ಸುಮಾರು ಅರ್ಧ ಡಿಗ್ರಿ ತಂಪಾಗುತ್ತೆ, 1992ರ ಕೊನೆಗೆ ಅದು ಅತಿ ಹೆಚ್ಚು. ಆಮೇಲೆ ಥರ್ಮಾಮೀಟರ್‌ಗಳೂ ಹೆಚ್ಚುಕಡಿಮೆ ಅದನ್ನೇ ಹೇಳಿದವು. ನಾಬ್ ತಿರುಗಿಸೋಕೆ ಅವಕಾಶವೇ ಇರಲಿಲ್ಲ, ಅಲ್ವಾ?

ನನಗೆ ಇದಕ್ಕಿಂತ ಇಷ್ಟವಾದದ್ದು 2002ರ ಪ್ರಯೋಗ. ಗಾಳಿ ತಂಪಾದರೆ ಅದರಲ್ಲಿ ನೀರಾವಿ ಕಡಿಮೆಯಾಗುತ್ತೆ. ನೀರಾವಿ ಕೂಡ ಹಸಿರುಮನೆ ಅನಿಲ, ಆದ್ದರಿಂದ ತಂಪು ಇನ್ನಷ್ಟು. ಬ್ರಯಾನ್ ಸೋಡನ್ ಮತ್ತು ಸಹೋದ್ಯೋಗಿಗಳು ಮಾಡೆಲ್‌ನಲ್ಲಿ ಈ ಒಂದು ಕೊಂಡಿಯನ್ನು ಆಫ್ ಮಾಡಿ ನೋಡಿದರು. ಅಳತೆಯಲ್ಲಿ ಕಂಡಷ್ಟು ತಂಪು ಬರಲಿಲ್ಲ. ಆನ್ ಮಾಡಿದಾಗ ಹೊಂದಿತು. ಪಕ್ಕಾ ಡಿಬಗ್ಗಿಂಗ್! ಇಂಗಾಲದ ಡೈಆಕ್ಸೈಡ್ ತರುವ ಬಿಸಿಯನ್ನು ಹೆಚ್ಚುಕಡಿಮೆ ದುಪ್ಪಟ್ಟು ಮಾಡೋದೂ ಇದೇ ಕೊಂಡಿ.

ಆದರೆ ಪಿನಾಟುಬೊ ಪ್ರಭಾವ ಎರಡು-ಮೂರು ವರ್ಷದ್ದು. ನಿಧಾನಕ್ಕೆ ಬಿಸಿಯಾಗುವ ಆಳ ಸಮುದ್ರವನ್ನು ಅದು ಪರೀಕ್ಷಿಸಲಿಲ್ಲ. ಮೋಡದ ತಕರಾರೂ ಉಳಿದಿದೆ. ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಎಷ್ಟು ಬಿಸಿ ಅನ್ನೋದಕ್ಕೆ ಐಪಿಸಿಸಿ 2021ರಲ್ಲಿ 3 ಡಿಗ್ರಿ ಅಂದರೂ, 2.5ರಿಂದ 4ರವರೆಗಿನ ಅಂತರ ಇಟ್ಟಿದ್ದು ಬಹುಮಟ್ಟಿಗೆ ಅದಕ್ಕೇ.

ಇನ್ನೊಂದು ಮಾತು, ಮುಂಬೈ-ಪುಣೆಯವರಿಗೆ. ಪುಣೆಯ ಐಐಟಿಎಂ ಕಟ್ಟಿದ ಮಾಡೆಲ್ ಕೂಡ ಆ ಐಪಿಸಿಸಿ ವರದಿಯ ಮಾಡೆಲ್‌ಗಳ ಸಾಲಿನಲ್ಲಿದೆ. ನಿಮ್ಮ ಎರಡು ಊರಿನ ನೇರ ದೂರ ಸುಮಾರು 120 ಕಿಲೋಮೀಟರ್, ನಡುವೆ ಸಹ್ಯಾದ್ರಿ. ಮುಂಬೈಗೆ ಬೀಳುವ ಮಳೆಯ ಮೂರನೇ ಒಂದು ಭಾಗದಷ್ಟೇ ಪುಣೆಗೆ. ಅಷ್ಟು ದೊಡ್ಡ ಚೌಕದಲ್ಲಿ ಘಟ್ಟ ಚಪ್ಪಟೆಯಾಗಿಬಿಡುತ್ತೆ. ಹಾಗಾಗಿ 2050ರಲ್ಲಿ ಅಂಧೇರಿಯಲ್ಲಿ ಎಷ್ಟು ಮಳೆ ಅಂತ ಯಾರಾದರೂ ಜಾಗತಿಕ ಮಾಡೆಲ್ ತೋರಿಸಿ ಹೇಳಿದರೆ, ಚೌಕ ಎಷ್ಟು ಅಗಲ ಅಂತ ಕೇಳಿ. ಪ್ರಶ್ನೆಗಳಿದ್ದರೆ ತಗೋತೀನಿ.