ಪ್ರಶ್ನೆಗೆ ಉತ್ತರ ಸಿಗುವ ಸಭೆ



ನಾಳಿನ ಪ್ರಜಾಪ್ರಭುತ್ವ ಹೇಗಿರಬೇಕೆಂದು ಕೇಳಿದರೆ ನಮ್ಮ ಮಾತು ನೇರ ದೆಹಲಿಗೆ ಹೋಗುತ್ತದೆ. ಈ ವಿಚಾರ ಸಂಕಿರಣದ ಚರ್ಚೆ ಗ್ರಾಮಸಭೆಯಿಂದ ಶುರುವಾಗಲಿ ಎಂಬುದು ನನ್ನ ಆಶಯ. ಮತದಾರರೇ ಸದಸ್ಯರಾಗಿ ಕೂತು, ಅಧಿಕಾರಿಯನ್ನು ಎದುರಿಗಿಟ್ಟುಕೊಂಡು ಲೆಕ್ಕ ಕೇಳಬಹುದಾದ ಸಭೆ ಅದು.

ಅಧಿಕಾರ ವಿಕೇಂದ್ರೀಕರಣದಲ್ಲಿ ಕರ್ನಾಟಕ ಮೊದಲೇ ಹೆಜ್ಜೆಯಿಟ್ಟ ರಾಜ್ಯ. ಹಳ್ಳಿಗಳಿಗೆ ಕೊಳವೆಬಾವಿ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಸಚಿವ ಅಬ್ದುಲ್ ನಜೀರ್ ಸಾಬ್ ರೂಪಿಸಿದ 1983ರ ಪಂಚಾಯಿತಿ ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತು. 1987ರಲ್ಲಿ ಅದರಡಿ ಚುನಾವಣೆಯೂ ನಡೆಯಿತು. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಜಾರಿಗೆ ಬಂದದ್ದು ಆಮೇಲೆ, 1993ರಲ್ಲಿ. 2010ರ ಹೊತ್ತಿಗೆ ನಮ್ಮ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿ ಶೇ 50ಕ್ಕೆ ಏರಿತು.

ಇಷ್ಟಾದರೂ ಒಂದು ಗ್ರಾಮಸಭೆಯ ಒಳಹೊಕ್ಕು ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ. ಕೂಲಿಯವರು ಆಗ ಹೊಲದಲ್ಲಿರುತ್ತಾರೆ. ಮನೆ ಮಂಜೂರಾತಿ ಪಟ್ಟಿ ಓದುವವರೆಗೆ ಜನ ಇರುತ್ತಾರೆ, ಹೆಸರು ಬಾರದವರು ಎದ್ದು ಹೋಗುತ್ತಾರೆ. ಅಧ್ಯಕ್ಷೆ ವೇದಿಕೆಯಲ್ಲಿದ್ದರೂ ಎಷ್ಟೋ ಕಡೆ ಉತ್ತರ ಕೊಡುವವರು ಅವರ ಯಜಮಾನರು. ಕೇರಿಯ ಹೆಣ್ಣುಮಗಳೊಬ್ಬಳು ಹಿಂದಿನಿಂದ ಚರಂಡಿಯ ವಿಷಯ ಎತ್ತಿದರೆ, ‘ಕ್ರಿಯಾ ಯೋಜನೆಗೆ ಸೇರಿಸೋಣ’ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬರೆದುಕೊಳ್ಳುತ್ತಾರೆ. ನಡಾವಳಿ ಪುಸ್ತಕಕ್ಕೆ ಸಹಿ ಬೀಳುತ್ತದೆ. ಮುಂದಿನ ಸಭೆಯಲ್ಲಿ ಅವಳು ಅದೇ ಪ್ರಶ್ನೆ ಕೇಳಬೇಕಾಗುತ್ತದೆ.

ಕುರ್ಚಿ ಹಂಚುವುದನ್ನು ನಾವು ಕಲಿತಿದ್ದೇವೆ. ಕೇಳಿದವರಿಗೆ ಉತ್ತರ ಕೊಡುವ ಹೊಣೆಯನ್ನು ಇನ್ನೂ ಕಾಯಂ ಮಾಡಿಲ್ಲ. ಎಲ್ಲರನ್ನೂ ಒಳಗೊಳ್ಳುವ ಪ್ರಜಾಪ್ರಭುತ್ವದ ಬಾಕಿ ಕೆಲಸ ಇದು.

ಉತ್ತರ ಕೊಡಬೇಕಾದವರನ್ನು ಆರಿಸುವುದಕ್ಕೇ ನಾವು ತಡಮಾಡಿದ್ದೂ ಉಂಟು. ಬೆಂಗಳೂರಿನ ಮಹಾನಗರ ಪಾಲಿಕೆ (ಬಿಬಿಎಂಪಿ) ಸದಸ್ಯರ ಅವಧಿ 2020ರಲ್ಲಿ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳದ್ದು 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅವನ್ನು ಆಡಳಿತಾಧಿಕಾರಿಗಳೇ ನಡೆಸಿದರು. ಕ್ಷೇತ್ರ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಎಂದು ಕಾರಣಗಳು ಬಂದವು. ಅಷ್ಟರಲ್ಲಿ ಬೀದಿದೀಪ ಕೆಟ್ಟರೆ ಯಾರ ಮನೆ ಬಾಗಿಲು ತಟ್ಟಬೇಕೆಂಬುದೇ ಜನರಿಗೆ ತಿಳಿಯದಾಯಿತು.

ಹಾಗಾಗಿ ಇಲ್ಲಿನ ಗೋಷ್ಠಿಗಳ ಮುಂದೆ ಮೂರು ಪ್ರಶ್ನೆ ಇಡುತ್ತೇನೆ. ಒಂದು: ಕೂಲಿಯವರು, ಹೆಂಗಸರು, ಅಂಗವಿಕಲರು ಬರಲು ಸಾಧ್ಯವಾಗುವ ಹೊತ್ತಿಗೆ, ಜಾಗದಲ್ಲಿ ಸಭೆ ನಡೆಸುವುದು ಹೇಗೆ? ಎರಡು: ಪ್ರತಿ ಗ್ರಾಮಸಭೆಯೂ ಹಿಂದಿನ ಠರಾವುಗಳಲ್ಲಿ ಯಾವುದಾಯಿತು, ಯಾವುದಾಗಲಿಲ್ಲ, ಏಕೆ ಎಂಬುದನ್ನು ಓದಿಯೇ ಆರಂಭವಾಗಬೇಕೆಂಬ ನಿಯಮ ತಂದರೆ ಏನು ಅಡ್ಡಿ? ಮೂರು: ಮಕ್ಕಳ ಗ್ರಾಮಸಭೆಯಲ್ಲಿ ಶಾಲೆಯ ಶೌಚಾಲಯದ ಬಗ್ಗೆ ಕೇಳಿದ ಹುಡುಗಿಗೆ ಲಿಖಿತ ಉತ್ತರ ಕೊಡುವ ಗಡುವು ಎಷ್ಟಿರಬೇಕು?

ಇವಕ್ಕೆ ದೊಡ್ಡ ಹಣ ಬೇಕಿಲ್ಲ, ರೂಢಿ ಬದಲಾಗಬೇಕು. ನಿಮ್ಮ ಪ್ರಬಂಧಗಳು ಗ್ರಂಥಾಲಯ ಸೇರುವ ಮುನ್ನ, ಅವುಗಳ ಶಿಫಾರಸುಗಳು ಒಂದು ಪಂಚಾಯಿತಿಯ ಕಾರ್ಯಸೂಚಿ ಸೇರಲಿ ಎಂದು ಹಾರೈಸಿ ಈ ಸಂಕಿರಣವನ್ನು ನಿಮ್ಮ ಚರ್ಚೆಗೆ ಒಪ್ಪಿಸುತ್ತೇನೆ.